ಸರ್ಟಿಫಿಕೇಟ್ ಇದ್ರೆ ಸಾಕಾ, ಡಿಗ್ರಿನೂ ಬೇಕಾ?

ಕೆಲಸಕ್ಕೆ ಸರ್ಟಿಫಿಕೇಟ್ ಸಾಕು ಅನ್ನುವವರ ಮಾತು ಮೊದಲು, ಸಾಲದು ಅನ್ನುವವರದು ಆಮೇಲೆ.

ಪರ

ದಾವಣಗೆರೆಯ ಯಾವುದಾದರೂ ಹೋಲ್‌ಸೇಲ್ ಅಂಗಡಿಗೆ ಅಕೌಂಟ್ಸ್ ಕೆಲಸ ಕೇಳಿಕೊಂಡು ಹೋಗಿ ನೋಡಿ. ಮಾಲೀಕರು ಮಾರ್ಕ್ಸ್ ಕಾರ್ಡ್ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಡುತ್ತಾರೆ. ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಇರುವ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಖರೀದಿ ಬಿಲ್ ಕೈಗೆ ಕೊಡುತ್ತಾರೆ. "ಇದನ್ನ ಟ್ಯಾಲಿಗೆ ಹಾಕಿ, ನೋಡೋಣ." ಮಾಲು ಹುಬ್ಬಳ್ಳಿಯಿಂದ, ಅಂದರೆ ರಾಜ್ಯದ ಒಳಗಿಂದಲೇ ಬಂದಿದ್ದರೆ ಸಿಜಿಎಸ್‌ಟಿ (ಕೇಂದ್ರದ ತೆರಿಗೆ), ಎಸ್‌ಜಿಎಸ್‌ಟಿ (ರಾಜ್ಯದ ತೆರಿಗೆ) ಎರಡೂ ಸಮಸಮ ಬೀಳಬೇಕು. ಮಹಾರಾಷ್ಟ್ರದ ಸೊಲ್ಲಾಪುರದ್ದಾದರೆ ಹೊರರಾಜ್ಯದ ಮಾಲಿಗೆ ಬೀಳುವ ಐಜಿಎಸ್‌ಟಿ ಒಂದೇ. ಜರ್ನಲ್, ಲೆಡ್ಜರ್ ಎಲ್ಲ ಕಾಗದದ ಮೇಲೇ ಬರೆದು ಮೂರು ವರ್ಷ ಕಳೆದ ಬಿ.ಕಾಂ. ಹುಡುಗ ಇಲ್ಲಿ ತಡವರಿಸುತ್ತಾನೆ. ಪಿಯುಸಿ ಆದಮೇಲೆ ಮೂರು ತಿಂಗಳು ಟ್ಯಾಲಿ ಕ್ಲಾಸಿಗೆ ಹೋದ ಹುಡುಗಿ ಎಂಟ್ರಿ ಮುಗಿಸಿ, "ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಕೂಡ ನಾನೇ ಫೈಲ್ ಮಾಡ್ತೀನಿ ಸರ್" ಅನ್ನುತ್ತಾಳೆ. ಕೆಲಸ ಯಾರಿಗೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ ಅಲ್ವಾ?

ಐಟಿಯಲ್ಲೂ ಅಷ್ಟೇ. ತಮಿಳುನಾಡಿನ ಸಾಫ್ಟ್‌ವೇರ್ ಕಂಪನಿ ಜೋಹೋ 2005ರ ಸುಮಾರಿನಿಂದಲೇ ಪಿಯುಸಿ, ಡಿಪ್ಲೊಮಾ ಮುಗಿಸಿದವರಿಗೆ ತಾನೇ ಕಲಿಸಿ ಕೆಲಸಕ್ಕೆ ಇಟ್ಟುಕೊಳ್ಳುತ್ತಿದೆ. ನೆಟ್‌ವರ್ಕಿಂಗ್‌ಗೆ ಸಿಸ್ಕೋ ಕಂಪನಿ ಕೊಡುವ ಸಿಸಿಎನ್‌ಎ, ಕ್ಲೌಡ್‌ಗೆ ಅಮೆಜಾನ್ ಕೊಡುವ ಎಡಬ್ಲ್ಯೂಎಸ್ ಸರ್ಟಿಫಿಕೇಟ್‌ಗಳಿಗೆ ಮೂರೇ ವರ್ಷದ ಅವಧಿ. ಆಮೇಲೆ ರಿನ್ಯೂ ಮಾಡಿಕೊಳ್ಳಲೇಬೇಕು. ಹಾಗಾಗಿ ಆ ಕಾಗದ ಇವತ್ತಿನ ಮಾತು ಹೇಳುತ್ತದೆ. 2010ರ ಡಿಗ್ರಿ 2010ರ ಮಾತಷ್ಟೇ ಹೇಳುತ್ತದೆ.

ವಿರೋಧ

ಅಂಗಡಿ ಕೆಲಸ ಸಿಗುತ್ತದೆ, ಒಪ್ಪೋಣ. ನಾಳೆ ಅದೇ ಹುಡುಗಿ ಸರ್ಕಾರಿ ಕಚೇರಿಯ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಬರೆಯಲು ಹೊರಟರೆ? ಡಿಗ್ರಿ ಬೇಕು. ಪಿಯುಸಿಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಅಷ್ಟೇ. ಬ್ಯಾಂಕಿನ ಪಿಒ (ಪ್ರೊಬೇಷನರಿ ಆಫೀಸರ್), ಕೆಎಎಸ್, ಐಎಎಸ್, ಎಲ್ಲಕ್ಕೂ ಡಿಗ್ರಿಯೇ ಬಾಗಿಲು. ಹತ್ತು ಸರ್ಟಿಫಿಕೇಟ್ ಜೋಡಿಸಿಟ್ಟರೂ ಅರ್ಜಿಯೇ ಮುಂದಕ್ಕೆ ಹೋಗುವುದಿಲ್ಲ. ಅಷ್ಟೇಕೆ, ರಾಜ್ಯ ಸರ್ಕಾರದ ಯುವನಿಧಿಯನ್ನೇ ನೋಡಿ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಬರೀ ಟ್ಯಾಲಿ ಕಲಿತವರ ಸುದ್ದಿಯೇ ಇಲ್ಲ. ನಿರುದ್ಯೋಗಿ ಅನ್ನಿಸಿಕೊಳ್ಳೋಕೂ ಡಿಗ್ರಿ ಬೇಕು!

ಜೋಹೋ ತರಹದ ಕಂಪನಿಗಳು ಎಷ್ಟಿವೆ? ಪಿಯುಸಿ ಆದವರನ್ನು ತೆಗೆದುಕೊಳ್ಳುವ ಐಟಿ ಕಂಪನಿ ಎಚ್‌ಸಿಎಲ್‌ನ ಟೆಕ್‌ಬೀ ಯೋಜನೆ ಕೂಡ ಕೆಲಸದ ಜೊತೆಜೊತೆಗೇ ಡಿಗ್ರಿ ಓದುವ ದಾರಿ ಮಾಡಿಕೊಡುತ್ತದೆ. ಡಿಗ್ರಿ ಬೇಡವೇ ಬೇಡ ಅಂತಿದ್ದರೆ ಅವರಿಗೆ ಆ ಉಸಾಬರಿ ಯಾಕೆ? ಅಮೆರಿಕಕ್ಕೆ ಹೋಗುವ ಆಸೆ ಇದ್ದವರಿಗೆ ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾದ ಲೆಕ್ಕ ಇನ್ನೂ ಬಿಗಿ. ಡಿಗ್ರಿ ಇಲ್ಲದಿದ್ದರೆ ಕಾಲೇಜಿನ ಒಂದೊಂದು ವರ್ಷದ ಬದಲೂ ಮೂರು ಮೂರು ವರ್ಷದ ಅನುಭವ ತೋರಿಸಬೇಕು. ನಾಲ್ಕು ವರ್ಷದ ಡಿಗ್ರಿಗೆ 12 ವರ್ಷ ಆಯ್ತು.

ಇನ್ನು ಸರ್ಟಿಫಿಕೇಟ್ ಪರೀಕ್ಷೆಗಳ ಒಳಗುಟ್ಟು. 'ಡಂಪ್ಸ್' ಅಂತ ಹಳೆಯ ಪ್ರಶ್ನೆ-ಉತ್ತರಗಳ ಕಟ್ಟು ಸಿಗುತ್ತದೆ. ಅದನ್ನು ಉರು ಹೊಡೆದು ಪಾಸಾಗುವವರಿದ್ದಾರೆ. ಇದು ಇಂಟರ್‌ವ್ಯೂ ಮಾಡುವವರಿಗೂ ಗೊತ್ತು. ಅದಕ್ಕೇ ಸರ್ಟಿಫಿಕೇಟ್ ನೋಡಿದ ಮೇಲೂ ಅ ಆ ಇ ಈಯಿಂದಲೇ ಪ್ರಶ್ನೆ ಶುರು ಮಾಡುತ್ತಾರೆ. ಡಿಗ್ರಿಯಲ್ಲೂ ಗೈಡ್ ಓದಿ ಪಾಸಾಗುವವರು ಇದ್ದಾರೆ, ಸುಮ್ನೆ ಇಲ್ಲ ಅನ್ನುವುದು ಬೇಡ. ಆದರೆ ಆರು ಸೆಮಿಸ್ಟರ್‌ನ ಅಷ್ಟೂ ಪೇಪರ್‌ಗಳನ್ನು ಹಾಗೆ ದಾಟುವುದು ಜಾಸ್ತಿ ಕಷ್ಟ.