ಮೂರು ವರ್ಷ, ಒಂದೇ ಸಾಲು

ಎದುರು ಮನೆ ಹುಡುಗ ಮೊನ್ನೆ ಸಂಜೆ ಪ್ಲಾಸ್ಟಿಕ್ ಫೈಲು ಹಿಡಿದು ಬಂದ. "ಅಂಕಲ್, ರೆಸ್ಯೂಮ್ ಒಂಚೂರು ನೋಡಿ ಕೊಡ್ತೀರಾ?" ಅಂದ. ನಾನು ಶಿವಮೊಗ್ಗದಲ್ಲೇ ರಿಟೈರ್ ಆಗಿ ಮನೆಯಲ್ಲಿ ಕೂತ ಮೇಲೆ ನಮ್ಮ ಬೀದಿಯ ರೆಸ್ಯೂಮ್‌ಗಳೆಲ್ಲ ನನ್ನ ಜಗಲಿಗೇ ಬರುತ್ತವೆ. ಕನ್ನಡಕ ಹುಡುಕಿಕೊಂಡು ಕೂತೆ.

ಅರ್ಧ ಪುಟ ಬರೀ ಹೊಗಳಿಕೆ. ಹಾರ್ಡ್ ವರ್ಕರ್, ಕ್ವಿಕ್ ಲರ್ನರ್, ಟೀಮ್ ಪ್ಲೇಯರ್. ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ಸತ್ಯ ಅಂತ ಪ್ರಮಾಣ, ಕೆಳಗೆ ಸಹಿ. ಇವೆರಡರ ನಡುವೆ ಜನಜಂಗುಳಿಯಲ್ಲಿ ಸಿಕ್ಕಿಹಾಕಿಕೊಂಡ ಮಗುವಿನ ಹಾಗೆ ಒಂದು ಸಾಲು: 'ಅಡಿಕೆ ಮಂಡಿ, 3 ವರ್ಷ.'

"ಮಂಡೀಲಿ ಏನ್ ಮಾಡ್ತಿದ್ದೆ?"

"ಏನಿಲ್ಲ ಅಂಕಲ್, ಸುಮ್ನೆ ಲೆಕ್ಕ ಬರೀತಿದ್ದೆ."

ಈ 'ಸುಮ್ನೆ' ಇದೆಯಲ್ಲ, ನಮ್ಮವರ ಅರ್ಧ ಕೆಲಸವನ್ನು ನುಂಗಿಹಾಕಿರುವುದು ಇದೇ. ಬಿಡದೆ ಕೇಳಿದೆ. ನಿಧಾನಕ್ಕೆ ಬಾಯಿಬಿಟ್ಟ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರುವ ಚೀಲ ಎಣಿಸಿ ಇಳಿಸಿಕೊಳ್ಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆ ನೋಡಿ ಬೇರೆ ಬೇರೆ ಇಡಿಸಬೇಕು. ತೂಕದಲ್ಲಿ ಚೀಲದ ತೂಕ ಕಳೆಯಬೇಕು. ರೈತ ಮುಂಗಡ ತಗೊಂಡಿದ್ದರೆ ಅದನ್ನು ಮುರಿದುಕೊಂಡು ಉಳಿದ ದುಡ್ಡಿಗೆ ಚೀಟಿ ಮಾಡಬೇಕು. ಸೀಸನ್ನಿನಲ್ಲಿ ದಿನಕ್ಕೆ 150 ಚೀಲ. ಒಂದು ದಿನ ಸಂಜೆ ಒಬ್ಬ ರೈತನ ಲೆಕ್ಕದಲ್ಲಿ 12 ಕೆಜಿ ತಾಳೆ ಆಗಲಿಲ್ಲವಂತೆ. ರಾತ್ರಿ ಒಂಬತ್ತರ ತನಕ ಕೂತು ಹುಡುಕಿದ್ದಾನೆ. ನೋಡಿದರೆ ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ರೈತರ ಚೀಟಿ ಅದಲುಬದಲು! ಮಾರನೇ ದಿನದಿಂದ ಚೀಟಿಯ ಮೇಲೆ ತಂದೆ ಹೆಸರನ್ನೂ ಬರೆಯುವ ರೂಢಿ ಹಾಕಿದ್ದೂ ಇವನೇ.

"ಇದ್ಯಾವುದೂ ಇಲ್ಲಿ ಇಲ್ವಲ್ಲೋ?"

"ಇದೆಲ್ಲ ಬರೀತಾರಾ ಅಂಕಲ್?"

ಅವನು ಹಾಕುತ್ತಿದ್ದದ್ದು ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸಕ್ಕೆ!

ನನಗೆ ಆತಕೂರಿನ ನಾಯಿ ನೆನಪಾಯಿತು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 950ನೇ ಇಸವಿಯದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದಿದ್ದ. ಆ ಕಲ್ಲಿನಲ್ಲಿ ರಾಜರಿಗೆ ಸಾಲುಸಾಲು ಬಿರುದುಗಳಿವೆ. ಕಾಳಿಗೆ ಒಂದೂ ಇಲ್ಲ. ಅದರ ಸಾವಿನ ಬಗ್ಗೆ ಇರುವುದು ಇಷ್ಟೇ: ಬೆಳತೂರ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಎಲ್ಲಿ, ಯಾವ ದಿಕ್ಕು, ಎಂಥ ಹಂದಿ, ಏನಾಯಿತು, ಎಲ್ಲ ಬಂತು. ಕಲ್ಲಿನ ಮೇಲೆ ನಾಯಿ ಹಂದಿಯ ಜಗಳದ ಚಿತ್ರವನ್ನೂ ಕೆತ್ತಿದ್ದಾರೆ. ರಾಜರ ಬಿರುದು ನನಗೆ ಒಂದೂ ಬಾಯಿಗೆ ಬರುವುದಿಲ್ಲ. ಕಾಳಿಯನ್ನು ಮಾತ್ರ ಮರೆತಿಲ್ಲ.

ಹಾಗಂತ ಎಲ್ಲವನ್ನೂ ತುರುಕುವವರೂ ಇದ್ದಾರೆ. ಏಳನೇ ಕ್ಲಾಸಿನ ನಿಂಬೆಹಣ್ಣು ಚಮಚದ ಓಟದಲ್ಲಿ ಎರಡನೇ ಬಹುಮಾನ ಬಂದದ್ದನ್ನು ಬ್ಯಾಂಕಿನ ಕೆಲಸಕ್ಕೆ ಬರೆದವರ ರೆಸ್ಯೂಮ್ ನಾನೇ ತಿದ್ದಿದ್ದೇನೆ. ಮದುವೆ ಬಯೋಡೇಟಾದಲ್ಲಿ ಗೋತ್ರ, ನಕ್ಷತ್ರ, ಪಾದದ ತನಕ ಬಿಡಿಸಿ ಬರೆಯುವ ನಾವು ಕೆಲಸದ ವಿಷಯ ಬಂದಾಗ ಯಾಕೆ ನಾಚಿಕೊಳ್ಳುತ್ತೇವೋ!

ನಾನೇನು ಸಾಚಾ ಅಲ್ಲ. ನನ್ನ ಮೊದಲ ಬಯೋಡೇಟಾ ಕಾಪಿ ಹೊಡೆದದ್ದು. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಗೆಳೆಯನದ್ದನ್ನು ಮುಂದಿಟ್ಟುಕೊಂಡು, ಹೆಸರು, ಅಪ್ಪನ ಹೆಸರು, ವಿಳಾಸ ಬದಲಾಯಿಸಿ ಟೈಪ್ ಮಾಡಿಸಿದ್ದೆ. ಅವನು ಕಾರವಾರದವನು. ಹವ್ಯಾಸ ಅಂತ ಇದ್ದ ಕಡೆ 'ಈಜು' ಹಾಗೇ ಉಳಿದುಬಿಟ್ಟಿತು. ಇಂಟರ್‌ವ್ಯೂನಲ್ಲಿ ದಪ್ಪ ಕನ್ನಡಕದವರೊಬ್ಬರು ಹಾಳೆ ನೋಡಿ, "ಎಲ್ಲಿ ಈಜ್ತೀರಿ?" ಅಂದರು. "ಊರಲ್ಲಿ ಸರ್, ಕೆರೇಲಿ" ಅಂದೆ. "ಯಾವೂರು?" "ಚಳ್ಳಕೆರೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಆ ಕಡೆಯವನೇ ಕಣಯ್ಯ. ಈ ವರ್ಷ ಯಾವ ಕೆರೇಲಿ ನೀರಿದೆ?" ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಇರಲಿ. ಹುಡುಗನೂ ನಾನೂ ಕೂತು ಹೊಗಳಿಕೆಯೆಲ್ಲ ಹೊಡೆದುಹಾಕಿದೆವು. 150 ಚೀಲ ಬಂತು. ತೂಕ, ಮುಂಗಡ, ಚೀಟಿ ಬಂತು. ಆ 12 ಕೆಜಿಯೂ ಬಂತು. ಎರಡು ಅಡಿಕೆ ಕೈಯಲ್ಲಿ ಕುಲುಕಿದರೆ ಒಣಗಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತೇನೆ ಅಂದಿದ್ದ. ಅದು ಗೋದಾಮಿನವರಿಗೆ ಬೇಡ ಅಂತ ಬಿಟ್ಟೆವು. ಬಿಡುವಾಗ ಅವನಿಗಿಂತ ನನಗೇ ಜಾಸ್ತಿ ಸಂಕಟವಾಯಿತು.

ಏಳುವ ಹೊತ್ತಿಗೆ ಕೇಳಿದ, "ಅಂಕಲ್, ಹವ್ಯಾಸ ಅಂತ ಏನ್ ಹಾಕ್ಲಿ?"

"ಏನಾದ್ರೂ ಹಾಕು. ಈಜು ಅಂತ ಮಾತ್ರ ಹಾಕ್ಬೇಡ."

ಹುಡುಗನ ಮುಖ ಸಣ್ಣಗಾಯಿತು. "ಯಾಕೆ ಅಂಕಲ್? ದಿನಾ ಬೆಳಿಗ್ಗೆ ತುಂಗೇಲಿ ಈಜ್ತೀನಲ್ಲ?"