ಕಮಾನಿಗೆ ಕ್ಯಾಮೆರಾ, ಲಾರಿ ರಸ್ತೆಗೆ ಶಾಪ

ಸಿಯಾಟಲ್‌ನಿಂದ ವ್ಯಾಂಕೂವರ್‌ಗೆ ಹೋಗಿಬಂದ ಗೆಳೆಯರೊಬ್ಬರ ಪ್ರವಾಸದ ಚಿತ್ರಗಳನ್ನು ಈಗಷ್ಟೇ ನೋಡಿದೆ. ಬ್ಲೇನ್‌ ಊರಿನಲ್ಲಿ ಅಮೆರಿಕ-ಕೆನಡಾ ಗಡಿಯ ಮೇಲೆ ನಿಂತಿರುವ ಶಾಂತಿ ಕಮಾನು (ಪೀಸ್ ಆರ್ಚ್) ಎಡದಿಂದ, ಬಲದಿಂದ, ಕೆಳಗಿನಿಂದ. ಕೊನೆಗೊಂದು ಸಾಲು: ‘ಮೊಬೈಲ್ ನಕ್ಷೆ ನಂಬಿ ಹಿಂದಿರುಗುವಾಗ ಯಾವುದೋ ದರಿದ್ರ ಲಾರಿ ರಸ್ತೆಯಲ್ಲಿ ಸಿಕ್ಕಿಕೊಂಡೆವು.’

ದರಿದ್ರವಂತೆ! ಅದು ವಾಷಿಂಗ್ಟನ್ ರಾಜ್ಯ ಹೆದ್ದಾರಿ 543, ಸ್ವಾಮಿ. ಉದ್ದ ಒಂದು ಮೈಲಿಗಿಂತ ತುಸು ಹೆಚ್ಚು, ಅಷ್ಟೇ. ಐ-5 ಎಂಬ ಮುಖ್ಯ ಹೆದ್ದಾರಿಯಿಂದ ಕವಲೊಡೆದು ಗಡಿ ಮುಟ್ಟುತ್ತದೆ; ಆಚೆ ಅದೇ ಬ್ರಿಟಿಷ್ ಕೊಲಂಬಿಯಾದ 15ನೇ ಹೆದ್ದಾರಿ. ಕಮಾನಿನ ಬಳಿ ಸರಕು ಲಾರಿಗಳನ್ನು ಬಿಡುವುದಿಲ್ಲ. ನಿಮ್ಮ ಚಿತ್ರಗಳು ಅಷ್ಟು ಸ್ವಚ್ಛವಾಗಿ ಬಂದಿರುವುದು ಆ ಹೊಗೆಯನ್ನೆಲ್ಲ ಈ ರಸ್ತೆ ಕುಡಿಯುತ್ತಿರುವುದರಿಂದ.

ತಮಾಷೆಯೆಂದರೆ, 1921ರಲ್ಲಿ ಆ ಕಮಾನು ಎತ್ತಿಸಿದ ಸ್ಯಾಮ್ ಹಿಲ್ ಮೂಲತಃ ರಸ್ತೆಗಳ ಹುಚ್ಚು ಹಿಡಿದ ಮನುಷ್ಯ. ಒಳ್ಳೆಯ ರಸ್ತೆ ಬೇಕೆಂದು ಊರೂರು ಅಲೆದವನು, ಪೆಸಿಫಿಕ್ ಹೆದ್ದಾರಿಗಾಗಿ ದುಡಿದವನು. ಲಾರಿಗಳು ದಾಟುವ ಗಡಿ ಠಾಣೆಗೆ ಇಂದಿಗೂ ಆ ಹೆದ್ದಾರಿಯದೇ ಹೆಸರು. ಅವನು ಈಗ ಬಂದರೆ ಯಾವುದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದನೋ!

ಕಮಾನಿನೊಳಗೆ ‘ಈ ಬಾಗಿಲುಗಳು ಎಂದಿಗೂ ಮುಚ್ಚದಿರಲಿ’ ಎಂದು ಕೆತ್ತಿದ್ದಾರೆ. ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ಮುಚ್ಚಿದವು. ‘ಅನಗತ್ಯ ಪ್ರಯಾಣ’ಕ್ಕೆ ನಿಷೇಧ. ನನ್ನ ಅಕ್ಕ ಗಡಿಯಾಚೆ ಕೆನಡಾದ ಸರ್ರೆಯಲ್ಲಿರುವುದು ನಿಮಗೆ ಗೊತ್ತೇ ಇದೆ. ಅವಳನ್ನು ನೋಡುವುದು ಸರ್ಕಾರಗಳ ಲೆಕ್ಕದಲ್ಲಿ ಅನಗತ್ಯ. ಅಮೆರಿಕ ತನ್ನ ಭೂಗಡಿಯನ್ನು ಪ್ರವಾಸಿಗರಿಗೆ ತೆರೆದದ್ದು 2021ರ ನವೆಂಬರ್‌ನಲ್ಲಿ. ಅಷ್ಟೂ ಕಾಲ ಲಾರಿಗಳು ಮಾತ್ರ ನಿಲ್ಲಲಿಲ್ಲ. ಕೆತ್ತಿದ ಮಾತು ಒಂದು ಕಡೆ, ನಡೆಸಿಕೊಟ್ಟವರು ಇನ್ನೊಂದು ಕಡೆ.

‘ಆಗ ಕುಟುಂಬಗಳು ಭೇಟಿಯಾದದ್ದು ಕಮಾನಿನ ಉದ್ಯಾನದಲ್ಲೇ ಅಲ್ಲವೇ?’ ಎನ್ನುತ್ತೀರಿ. ಹೌದು. ಆಚೆಯವರು ಗಡಿಗುಂಟ ಸಾಗುವ ಕೆನಡಾದ ರಸ್ತೆ ಝೀರೋ ಅವೆನ್ಯೂ ಬದಿಯ ಚರಂಡಿ ದಾಟಿ ಹುಲ್ಲಿಗೆ ಬರುತ್ತಿದ್ದರು. ನಾವೂ ಅಲ್ಲೇ ಚಾದರ ಹಾಸಿ ಕುಳಿತು, ಮುಖಗವುಸು ಕೆಳಗೆಳೆದು ಅತ್ತಿದ್ದೇವೆ. ಅಕ್ಕ ತಂದ ಚಿತ್ರಾನ್ನ ತಿಂದಿದ್ದೇವೆ. ಆದರೆ ಅಳುವುದಕ್ಕೆ ಹುಲ್ಲುಹಾಸು ಒದಗಿಸಿದ್ದಕ್ಕೆ ಕಮಾನಿಗೆ ಎಷ್ಟು ಹಾರ ಹಾಕುತ್ತೀರಿ? ಎರಡೂ ದೇಶಗಳ ಅಂಗಡಿಗಳಿಗೆ ಸಾಮಾನು ಮುಟ್ಟಿಸುತ್ತಿದ್ದ ರಸ್ತೆಗೆ ಒಂದು ಒಳ್ಳೆಯ ಮಾತೂ ಇಲ್ಲ. ಅದು ಸುಂದರವಾಗಿಲ್ಲವಂತೆ. ಅಡುಗೆಮನೆಯ ಹಿಂಬಾಗಿಲನ್ನು ಯಾರಾದರೂ ತೋರಣ ಕಟ್ಟಿ ಪೂಜಿಸುತ್ತಾರೆಯೇ!

ಇನ್ನೊಂದು ಮಾತು. ಲಾರಿಗಳು ದಾಟುವ ಆ ಠಾಣೆಯಲ್ಲಿ ಕಾರುಗಳಿಗೆ ಬೇರೆ ಸಾಲಿದೆ, ಕಮಾನಿನ ಬಳಿ ನೂಕುನುಗ್ಗಲಿರುವಾಗ ಎಷ್ಟೋ ಸಲ ಇಲ್ಲಿಯೇ ಬೇಗ ದಾಟಬಹುದು. ಮೊಬೈಲ್ ನಕ್ಷೆಗೆ ಅದು ಗೊತ್ತಿತ್ತು. ಅದಕ್ಕೆ ಬೈಯುವ ಮುನ್ನ, ಆ ದಿನ ಅತ್ತ ಕಮಾನಿನ ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕಿತ್ತೆಂದು ನೋಡಿದಿರಾ?