"ನಾನೇ ಕಣೇ, ಬಾಗಿಲು ತೆಗಿ"

1990ರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದವರಿಗೆ 'ನಾಳೆ ಬಾ' ನೆನಪಿರಲೇಬೇಕು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ತೆಗೆದರೆ ಮುಗೀತು ಅನ್ನೋ ಸುದ್ದಿ. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತಂತೆ. ನಮ್ಮ ವಠಾರದ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದ ಅಕ್ಷರ.

ಆ ದಿನಗಳಲ್ಲೇ ಒಂದು ರಾತ್ರಿ ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಬಾಗಿಲು ತಟ್ಟಿದರು. "ಯಾರು?" ಅಂದಳು ಅಮ್ಮ. "ನಾನೇ ಕಣೇ, ಬಾಗಿಲು ತೆಗಿ." ದಿನಾ ಕೇಳುವ ಮಾತು, ದಿನಾ ಕೇಳುವ ದನಿ. ಅಮ್ಮನ ಕೈ ಚಿಲಕದ ಮೇಲೇ ನಿಂತುಬಿಟ್ಟಿತು. ನಾನು ಚಾಪೆ ಮೇಲೆ ಮಲಗಿ ಆ ಕೈಯನ್ನೇ ನೋಡುತ್ತಿದ್ದೆ. ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದ ಮೇಲೇ ಚಿಲಕ ಸರಿದಿದ್ದು.

ಆಮೇಲೆ ಎಷ್ಟೋ ಹಾರರ್ ಸಿನಿಮಾ ನೋಡಿದೆ. ಪಾಳುಬಂಗಲೆ, ಬಿಳಿ ಸೀರೆ, ಬಿಚ್ಚಿದ ಕೂದಲು. ಆ ಚಿಲಕದಷ್ಟು ಯಾವುದೂ ಹೆದರಿಸಲಿಲ್ಲ. ಸಿನಿಮಾ ಮುಗಿದ ಮೇಲೆ ಪಾಳುಬಂಗಲೆ ಅಲ್ಲೇ ಉಳಿಯುತ್ತದೆ. ಬಾಗಿಲು, ಲಿಫ್ಟು, ರಸ್ತೆ ಹಾಗಲ್ಲ. ಅವನ್ನು ನಾಳೆ ಬೆಳಗ್ಗೆ ಮತ್ತೆ ಮುಟ್ಟಲೇಬೇಕು.

ಪವನ್ ಕುಮಾರ್ ಅವರ 'ಯೂ ಟರ್ನ್' (2016) ನನಗೆ ಅಷ್ಟು ಇಷ್ಟವಾಗಿದ್ದು ಇದಕ್ಕೇ. ಆ ಕಥೆಯ ಬೀಜ ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲಿನ ಕಲ್ಲು. ಮುಂದೆ ಹೋಗಿ ತಿರುಗಿಸಿಕೊಂಡು ಬರೋಕೆ ಪುರುಸೊತ್ತಿಲ್ಲದವರು ಡಿವೈಡರ್ ಕಲ್ಲನ್ನು ಪಕ್ಕಕ್ಕೆ ಸರಿಸಿ ಗಾಡಿ ತಿರುಗಿಸುತ್ತಾರೆ. ಕಲ್ಲು ರಸ್ತೆಯಲ್ಲಿ ಹಾಗೇ ಬಿದ್ದಿರುತ್ತದೆ. ಅಲ್ಲೇ ಇರುವ ಒಬ್ಬ ಗಾಡಿ ನಂಬರ್ ಬರೆದುಕೊಳ್ಳುತ್ತಾನೆ. ಅಷ್ಟೇ. ದೆವ್ವ ಇನ್ನೂ ಬಂದೇ ಇಲ್ಲ, ನಮಗೆ ಆಗಲೇ ಕಸಿವಿಸಿ. ಕಲ್ಲು ಸರಿಸಿದವರು ಕೆಟ್ಟವರಲ್ಲ, ಆಫೀಸಿಗೆ ಲೇಟಾದ ನಮ್ಮಂಥವರೇ ಅಲ್ವಾ? ಸಿನಿಮಾ ನೋಡಿದ ಮೇಲೆ ಎಷ್ಟೋ ದಿನ, ಡಿವೈಡರ್‌ನಲ್ಲಿ ಸಂದು ಕಂಡರೂ ನಾನು ಸುಮ್ನೆ ಸಿಗ್ನಲ್‌ವರೆಗೂ ಹೋಗಿಯೇ ತಿರುಗಿಸಿಕೊಂಡು ಬರುತ್ತಿದ್ದೆ.

ಈ ವಿದ್ಯೆ ಹಳೆಯದು. 1942ರ ಅಮೆರಿಕದ 'ಕ್ಯಾಟ್ ಪೀಪಲ್'ನಲ್ಲಿ ಒಂದು ದೃಶ್ಯ ಇದೆ. ಸೆಂಟ್ರಲ್ ಪಾರ್ಕಿನ ರಸ್ತೆ, ರಾತ್ರಿ. ಒಬ್ಬಳು ಮುಂದೆ, ಚಿರತೆಯಾಗಿಬಿಡುತ್ತಾಳೆ ಅನ್ನೋ ಅನುಮಾನ ಇರುವ ಇನ್ನೊಬ್ಬಳು ಹಿಂದೆ. ಸಂಗೀತ ಇಲ್ಲ. ಎರಡು ಜೋಡಿ ಚಪ್ಪಲಿಯ ಟಕ್ ಟಕ್ ಮಾತ್ರ. ದೀಪದ ಬೆಳಕು, ಕತ್ತಲು, ಮತ್ತೆ ಬೆಳಕು. ಇದ್ದಕ್ಕಿದ್ದಂತೆ ಹಿಂದಿನ ಟಕ್ ಟಕ್ ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಓಡುತ್ತಾಳೆ. ಈಗ ಚಿರತೆ ಹಾರುತ್ತದೆ ಅಂತ ನಾವು ಉಸಿರು ಬಿಗಿಹಿಡಿದಾಗ ಬುಸ್ಸಂತ ನುಗ್ಗಿ ಬರುವುದು ಒಂದು ಬಸ್ಸು! ಬರೀ ಬ್ರೇಕಿನ ಸದ್ದು. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಲ್ಲಿ ಇಂಥ ಬೆಚ್ಚಿಬೀಳಿಸುವ ತಂತ್ರಕ್ಕೆ 'ಲ್ಯೂಟನ್ ಬಸ್' ಅಂತಲೇ ಹೆಸರು ಬಿತ್ತು.

ನನ್ನ ಬೇಸರ ಏನಂದ್ರೆ, ಆಮೇಲೆ ಬಂದವರಲ್ಲಿ ಜಾಸ್ತಿ ಜನ ಬಸ್ಸನ್ನು ತೆಗೆದುಕೊಂಡರು, ಹೆಜ್ಜೆ ಸದ್ದನ್ನು ಬಿಟ್ಟರು. ಹತ್ತು ನಿಮಿಷಕ್ಕೊಮ್ಮೆ ಢಂ ಅಂತ ಸದ್ದು, ಕನ್ನಡಿಯಲ್ಲೊಂದು ಮುಖ. ಬೆಚ್ಚುತ್ತೇವೆ, ಮರೆಯುತ್ತೇವೆ. ಆದರೆ ಹೆದರಿಸಿದ್ದು ಬಸ್ಸಲ್ಲ. ಕೇಳುತ್ತಾ ಇದ್ದ ಸದ್ದು ನಿಂತುಹೋಗಿದ್ದು ಹೆದರಿಸಿದ್ದು. ಅದು ನಿಲ್ಲಬೇಕಾದರೆ ಮೊದಲು ಅದಕ್ಕೆ ನಮ್ಮ ಕಿವಿ ಒಗ್ಗಿರಬೇಕಲ್ಲ?

ಸಿನಿಮಾ ಮಾಡುವ ಗೆಳೆಯರೇ, ಲ್ಯಾಗ್ ಅಂತಾರೆ ಅನ್ನೋ ಭಯಕ್ಕೆ ಕಿವಿ ಒಗ್ಗೋ ಆ ಎರಡು ನಿಮಿಷ ಕತ್ತರಿಸಬೇಡಿ. ಮನೆ ಮನೆಯ ಹಾಗೇ ಇರಲಿ. ನಲ್ಲಿ ಹನಿಯಲಿ, ಪಕ್ಕದ ಮನೆಯ ಸೀರಿಯಲ್ ಕೇಳಲಿ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿರಲಿ. "ಮೂರು ಕೂಗಿಗೆ ಆಫ್ ಮಾಡ್ತೀನಿ" ಅಂತ ಅಮ್ಮ ಒಳಗೆ ಹೋಗಲಿ. ಒಂದು ಕೂಗು. ಎರಡು. ಮೂರು. ನಾಲ್ಕನೇ ಕೂಗೂ ಕೇಳಲಿ. ಅಡುಗೆಮನೆಯ ಬಾಗಿಲನ್ನು ಮಾತ್ರ ತೋರಿಸಿ.